ಅಂಗಿ ತೊಟ್ಟ ರೆಂಜೆ

ನನ್ನ ಹೆಂಡತಿ ಗುಣವತಿ ಒಂದು ವರ್ಷದಿಂದ ಹಿತ್ತಲಲ್ಲಿ ಬಟ್ಟೆ ಒಣಗಿಸಿರಲಿಲ್ಲ. ಒಣಗಿಸಲು ಜಾಗವೇ ಇರಲಿಲ್ಲ. ಅಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ನಲವತ್ತು ಗಿಡಗಳು ಪೆರೇಡಿಗೆ ನಿಂತಂತೆ ನಿಂತಿದ್ದವು. ಎಲ್ಲವೂ ಊರಿನ ಪೇಟೆಯಲ್ಲಿ ನೆಡಬೇಕಾದವು.

“ಇವುಗಳನ್ನು ಪೇಟೆಗೆ ಸಾಗಿಸುತ್ತೀರಾ, ಅಲ್ಲ ನಮ್ಮ ರೇಷನ್ ಕಾರ್ಡಿಗೆ ಸೇರಿಸುವುದಾ ಮಾರಾಯ್ರೆ?” ಎಂದು ಅವಳು ವಾರಕ್ಕೊಮ್ಮೆ ಕೇಳುತ್ತಿದ್ದಳು.

ನಮ್ಮ ಮುರಬೆಟ್ಟು ಇರುವುದು ಕಾಪು ಮತ್ತು ಉಚ್ಚಿಲದ ನಡುವೆ, ಹೈವೇಯಿಂದ ಸ್ವಲ್ಪ ಒಳಗೆ. ರಸ್ತೆ ಅಗಲ ಮಾಡುವಾಗ ಪೇಟೆಯ ಮರಗಳೆಲ್ಲ ಒಂದೇ ದಿನದಲ್ಲಿ ಹೋದವು. ಅಂದಿನಿಂದ ಬಸ್ಸಿಗೆ ಕಾಯುವ ಹೆಂಗಸರು ಕರೆಂಟು ಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ನೆರಳು ಸರಿದ ಹಾಗೆ ಆ ಸಾಲೂ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಇದನ್ನು ನೋಡಲಾಗದೆ ಪಂಚಾಯತಿನವರು ‘ಹಸಿರು ಪೇಟೆ ಸಮಿತಿ’ ಮಾಡಿದರು. ಅದಕ್ಕೆ ಅಧ್ಯಕ್ಷ ನಾನು, ಶೀನ. ಮಸ್ಕತ್ತಿನ ಉದ್ಯಾನವನ ಕಂಪೆನಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. (ಇದ್ದದ್ದು ಆಫೀಸಿನಲ್ಲಿ, ತೋಟದವರ ಹಾಜರಿ ಹಾಕಲು. ಅದನ್ನೆಲ್ಲ ಊರಿನಲ್ಲಿ ಬಿಡಿಸಿ ಹೇಳುವ ಅಗತ್ಯ ನನಗೆ ಕಂಡಿರಲಿಲ್ಲ.)

“ಮರುಭೂಮಿಯಲ್ಲಿ ಹುಲ್ಲು ಬೆಳೆಸಿದವರಿಗೆ ಇಲ್ಲಿ ಮರ ಬೆಳೆಸುವುದು ಎಂತ ದೊಡ್ಡ ವಿಷಯ ಅಲ್ವಾ?” ಎಂದ ಸಮಿತಿಯ ಕಾರ್ಯದರ್ಶಿ, ಬೇಕರಿ ಇಮ್ಯಾನುಯೆಲ್.

ಕಳೆದ ಜೂನಿನಲ್ಲಿ ಮೊದಲ ಏಳು ಗಿಡಗಳನ್ನು ನನ್ನ ಅಮೃತಹಸ್ತದಿಂದಲೇ ನೆಟ್ಟೆ. ಅವು ಚಿಗುರಿದ ಮೇಲೆ ನೆಡೋಣವೆಂದು ಉಳಿದ ನಲವತ್ತನ್ನು ಹಿತ್ತಲಲ್ಲಿ ಇಟ್ಟುಕೊಂಡೆ. ಆ ಫೋಟೊಗಳು ಇಂದಿಗೂ ಪಂಚಾಯತಿನ ಗೋಡೆಯಲ್ಲಿವೆ. ಫೆಬ್ರವರಿಯ ಹೊತ್ತಿಗೆ ಏಳೂ ಒಣಕಡ್ಡಿಗಳಾದವು. ನಾನು ಒಂದು ಹಿಡಿ ಮಣ್ಣೆತ್ತಿ, ಮೂಸಿ, ಕಣ್ಣು ಮುಚ್ಚಿ ಘೋಷಿಸಿದೆ: “ಮಣ್ಣಿನಲ್ಲಿ ದೋಷ ಉಂಟು.”

ಮಣ್ಣು ಪರೀಕ್ಷೆಯ ವರದಿ ಬರುವ ತನಕ ಒಂದು ಗಿಡವನ್ನೂ ನೆಡಬಾರದೆಂದು ನಿರ್ಣಯವಾಯಿತು. ವರದಿ ಬರಲಿಲ್ಲ. ಏಳು ಗುಂಡಿಗಳಲ್ಲಿ ಯಾವುದರ ಮಣ್ಣನ್ನು ಕಳಿಸುವುದೆಂದು ಐದು ಸಭೆ ಮಾಡಿದರೂ ತೀರ್ಮಾನವಾಗದಿದ್ದರೆ ವರದಿ ಬರುವುದಾದರೂ ಎಲ್ಲಿಂದ?

ಈ ಸಲ ಮಳೆ ಹಿಡಿಯಿತು. ಆಚೆ ಮನೆಯ ಕಾಂಪೌಂಡು ಕಟ್ಟುತ್ತಿದ್ದ ರಾಚವ್ವ ಕುಡಿಯುವ ನೀರಿಗೆಂದು ನಮ್ಮ ಹಿತ್ತಲಿಗೆ ಬಂದಳು. ಗದಗದ ಕಡೆಯವಳು. ಮಣಿಪಾಲದ ಕಟ್ಟಡ ಕೆಲಸಕ್ಕೆಂದು ಬಂದು ಎಂಟು ವರ್ಷವಾಗಿದೆ. ಸೀರೆಯ ಮೇಲೊಂದು ಗಂಡಸರ ಅಂಗಿ, ತಲೆಗೆ ಟವೆಲು. ನೀರು ಕುಡಿದವಳು ಒಂದು ಚೀಲವನ್ನೆತ್ತಿ ಹೆಬ್ಬೆರಳಿನಿಂದ ಒತ್ತಿದಳು.

“ಅಕ್ಕಾರ, ಇವು ಉಸಿರುಗಟ್ಟಿ ಸಾಯಾಕ ಹತ್ಯಾವ್ರಿ. ಯಾಕ ಹಿಂಗ ಇಟ್ಟೀರಿ?”

“ಮಣ್ಣಿನ ವರದಿ ಬರಬೇಕಂತೆ,” ಎಂದು ಗುಣವತಿ ನನ್ನನ್ನೇ ನೋಡಿದಳು.

“ಗಿಡಕ್ಕ ಗೊತ್ತೈತೇನ್ರಿ ವರದಿ ಬರೂದು?”

ನಾನು ಕನ್ನಡಕ ಹುಡುಕಲು ಒಳಗೆ ಹೋದೆ. (ಕನ್ನಡಕ ಮೂಗಿನ ಮೇಲೆಯೇ ಇತ್ತು.)

ಮರುದಿನ ಭಾನುವಾರ. ಏಳುವಾಗ ಹಿತ್ತಲು ಖಾಲಿ! ಮಲ್ಪೆಯ ಮೀನು ಇಳಿಸಿ ಬಂದ ಟೆಂಪೋದಲ್ಲಿ ಗುಣವತಿ ನಲವತ್ತು ಗಿಡಗಳನ್ನೂ ರಾಚವ್ವನನ್ನೂ ಪೇಟೆಗೆ ಸಾಗಿಸಿದ್ದಳು. ಲುಂಗಿಯಲ್ಲೇ ಪೇಟೆಗೆ ಓಡಿದೆ. ಅಲ್ಲಿ ಅರ್ಧ ಊರು ಬಾಯಿ ಮುಚ್ಚಿಕೊಂಡು ನಿಂತಿತ್ತು. ನಮ್ಮ ಊರಿನವರು ಬಾಯಿ ಮುಚ್ಚಿ ನಿಲ್ಲುವುದೆಂದರೆ ಅದೇ ಒಂದು ಸುದ್ದಿ.

ನಮ್ಮ ಪೇಟೆಯ ನೆಲವೆಲ್ಲ ಮುರಕಲ್ಲು, ಗಟ್ಟಿ ಕೆಂಪು ಕಲ್ಲು. ಜೆಸಿಬಿಯ ಹಲ್ಲೂ ಅಲ್ಲಿ ಬಾಗಿದೆ. ಅಂಥ ನೆಲದ ಮೇಲೆ ರಾಚವ್ವ ಬರಿಗಾಲಲ್ಲಿ ನಡೆಯುತ್ತ, ಹಾರೆಯನ್ನು ಮೆಲ್ಲಗೆ ಕುಟ್ಟಿ, ತಲೆ ವಾಲಿಸಿ ಸದ್ದು ಕೇಳುತ್ತಿದ್ದಳು. “ಇಲ್ಲಿ ಬ್ಯಾಡ, ಗಟ್ಟಿ ಐತಿ... ಇಲ್ಲಿ ಟೊಳ್ಳ ಐತಿ, ಬೇರಿಗೆ ದಾರಿ ಸಿಗ್ತೈತಿ.” ಅವಳು ಹೇಳಿದಲ್ಲಿ ಹಾರೆ ಬಿದ್ದರೆ ಕಲ್ಲು ಹೋಳುಹೋಳಾಗಿ ಏಳುತ್ತಿತ್ತು. ಮಸ್ಕತ್ತಿನಲ್ಲಿ ದಿನವೂ ಇನ್ನೂರು ಜನರ ಹೆಬ್ಬೆರಳಿನ ಗುರುತು ತೆಗೆದುಕೊಂಡವನು ನಾನು. ಆ ಕೈಗಳು ಕೆಲಸ ಮಾಡುವುದನ್ನು ಒಂದು ದಿನವೂ ನಿಂತು ನೋಡಿರಲಿಲ್ಲ. ಈಗ ನೋಡುತ್ತ ನಿಂತೆ.

ಆದರೆ ಅಧ್ಯಕ್ಷನಲ್ಲವೇ! ಗಂಟಲು ಸರಿಮಾಡಿಕೊಂಡು, “ಇಲ್ಲಿ ನೆಟ್ಟರೆ ಸಾಯುತ್ತವೆ. ಮಣ್ಣಿನಲ್ಲಿ ದೋಷ ಉಂಟು,” ಎಂದು ಒಣಕಡ್ಡಿಗಳ ಕಡೆ ಕೈ ತೋರಿಸಿದೆ.

“ಹೌದೇನ್ರಿ? ತಡೀರಿ, ನೋಡೂಣು.”

ಹಾರೆಯಿಂದ ಒಮ್ಮೆ ಮೀಟಿದಳು. ಮೊದಲ ಕಡ್ಡಿ ಮೇಲೆ ಬಂತು, ಬುಡಕ್ಕೆ ಕಪ್ಪು ಚೀಲದ ಸಮೇತ. ನರ್ಸರಿಯ ಚೀಟಿಯೂ ಮಾಸಿರಲಿಲ್ಲ.

“ಯಾರ ನೆಟ್ಟಾರ್ರಿ ಇದನ್ನ? ಅಂಗಿ ಬಿಚ್ಚದ ಕೂಸಿಗೆ ನೀರ ಎರದಂಗ ಮಾಡ್ಯಾರಲ್ರಿ!”

ಎಲ್ಲರೂ ನನ್ನ ಫೋಟೊಗಳಿದ್ದ ಪಂಚಾಯತು ಕಟ್ಟಡದ ಕಡೆ ನೋಡಿದರು.

“ಶೀನಣ್ಣ, ಇದು ಮಸ್ಕತ್ತಿನ ಪದ್ಧತಿಯಾ?” ಎಂದ ಇಮ್ಯಾನುಯೆಲ್, ಬಹಳ ವಿನಯದಿಂದ.

ಎರಡನೆಯದು ಚೀಲ. ಮೂರನೆಯದು ಚೀಲ. ಆರನೆಯದರ ತನಕ ಚೀಲ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡೆ. ಗುಂಡಿಗಳೇನೋ ತಯಾರಾಗಿದ್ದವು.

ಏಳನೆಯದು ಮಾತ್ರ ಮೀಟಿದರೂ ಏಳಲಿಲ್ಲ. ರಾಚವ್ವ ಹಾರೆ ಬದಿಗಿಟ್ಟು ಮೊಣಕಾಲೂರಿದಳು. ಉಗುರಿನಿಂದ ಕಡ್ಡಿಯ ಸಿಪ್ಪೆ ಕೆರೆದಳು. ಒಳಗೆ ಹಸಿರು! ಅದೊಂದು ರೆಂಜೆ, ಎಂದರೆ ಬಕುಳದ ಗಿಡ. ಅವಳು ಬೆರಳಿನಿಂದಲೇ ಮಣ್ಣು ಬಿಡಿಸುತ್ತ ಹೋದಳು. ಚೀಲದ ತಳದಲ್ಲಿ, ನೀರು ಹೋಗಲೆಂದು ಮಾಡಿದ ಕಾಳಿನಷ್ಟಗಲದ ತೂತಿನಿಂದ ಒಂದೇ ಒಂದು ಬೇರು ಹೊರಗೆ ಬಂದಿತ್ತು. ನೂಲಿನಂಥ ಬೇರು. ಮುರಕಲ್ಲಿನ ಬಿರುಕು ಹಿಡಿದು ಒಂದು ಮೊಳ ಇಳಿದು, ಅದರಾಚೆಗೂ ಹೋಗಿತ್ತು. ಎಲ್ಲಿಯ ತನಕ ಎಂದು ಯಾರಿಗೂ ಕಾಣಲಿಲ್ಲ.

ಬಸ್ಸು ಬಂತು. ಡ್ರೈವರ್ ಎಂಜಿನ್ ನಿಲ್ಲಿಸಿ ಇಳಿದ. ಪ್ರಯಾಣಿಕರೂ ಇಳಿದರು. ಅಷ್ಟು ಜನ ಬಗ್ಗಿ ಒಂದು ನೂಲನ್ನು ನೋಡಿದೆವು. ನಾನು ಕೊಲ್ಲಲು ಇಷ್ಟೆಲ್ಲ ವ್ಯವಸ್ಥೆ ಮಾಡಿದ್ದರೂ ಅದು ಕತ್ತಲಲ್ಲಿ ತಡಕಾಡಿ ದಾರಿ ಕಂಡುಕೊಂಡಿತ್ತು. ರಾಚವ್ವ ಬೇರಿಗೆ ತಾಗದ ಹಾಗೆ ಬ್ಲೇಡಿನಿಂದ ಚೀಲವನ್ನು ಸೀಳಿ ಬಿಡಿಸಿ, ಮಣ್ಣು ಮುಚ್ಚಿದಳು. ಕಣ್ಣಿಗೆ ಧೂಳು ಬಿತ್ತು ಎನ್ನೋಣವೆಂದರೆ ಜಿಟಿಜಿಟಿ ಮಳೆ ಬರುತ್ತಿತ್ತು.

ಊರಿನವರೂ ಹಾರೆ ಹಿಡಿದರು, ಮಧ್ಯಾಹ್ನದೊಳಗೆ ನಲವತ್ತೂ ನೆಲ ಸೇರಿದವು. ಚೀಲ ಬಿಚ್ಚುವ ಕೆಲಸ ನನ್ನದಾಗಿತ್ತು. ಬಿಚ್ಚಿದ ಪ್ರತಿಯೊಂದನ್ನೂ ರಾಚವ್ವನಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಗುಣವತಿ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹೆದರಿಕೆ.

ಮುಂದಿನ ವಾರ ಹೈಸ್ಕೂಲಿನ ಆನ್ಸಿಲ್ಲಾ ಟೀಚರ್ ಫೋನ್ ಮಾಡಿದರು. ವನಮಹೋತ್ಸವಕ್ಕೆ ರಾಚವ್ವನೂ ನಾನೂ ಬರಬೇಕಂತೆ! ಮಾತಾಡಿದ್ದು ಗುಣವತಿ, ಒಪ್ಪಿದ್ದೂ ಅವಳೇ. ನಾನು ಇಸ್ತ್ರಿ ಹಾಕಿದ ಶರ್ಟು ತೊಟ್ಟು, ಬೇರಿನ ಛಲದ ಬಗ್ಗೆ ಎಂಟು ಪುಟದ ಭಾಷಣ ಬರೆದುಕೊಂಡು ಹೋದೆ.

ಅಂಗಳದಲ್ಲಿ ಎರಡು ಗುಂಡಿಗಳಿದ್ದವು. “ಮೊದಲ ಅಂಗಿ ಬಿಚ್ಚಬೇಕ್ರಿ,” ಎಂದು ಚೀಲ ಸೀಳಿ, ಮೊದಲನೆಯದರಲ್ಲಿ ರಾಚವ್ವ ನೆಟ್ಟು ತೋರಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಭಾಷಣ ಬಿಡಿಸಿದೆ. ಟೀಚರ್ ಅದನ್ನು ಮೆಲ್ಲಗೆ ತೆಗೆದುಕೊಂಡು, ಕೈಗೊಂದು ಗಿಡ ಕೊಟ್ಟು, ಮೈಕಿನಲ್ಲಿ ಹೇಳಿದರು: “ಮಕ್ಕಳೇ, ಗಿಡವನ್ನು ಹೇಗೆ ನೆಡಬಾರದು ಎಂದು ಈಗ ಸರ್ ತೋರಿಸುತ್ತಾರೆ. ಎಲ್ಲರೂ ಸರಿಯಾಗಿ ನೋಡಿಕೊಳ್ಳಿ.”

ಗುಣವತಿಯ ಕಡೆ ನೋಡಿದೆ. ಅವಳು ಮುಂದಿನ ಸಾಲಿನಲ್ಲಿ ಮೊಬೈಲು ಹಿಡಿದು ವಿಡಿಯೋಗೆ ಸಿದ್ಧಳಾಗಿದ್ದಳು. ಬೇರೆ ದಾರಿಯಿಲ್ಲದೆ ಚೀಲದ ಸಮೇತ ಗಿಡವನ್ನು ಗುಂಡಿಗಿಳಿಸಿದೆ. ಇನ್ನೂರು ಮಕ್ಕಳು ಒಟ್ಟಿಗೆ ಕಿರುಚಿದರು: “ಸರ್, ಅಂಗಿ! ಅಂಗಿ!”

ಟೀಚರಿಗೆ ಬಹಳ ಸಂತೋಷವಾಯಿತು. “ಎಷ್ಟು ಸಹಜವಾಗಿ ತಪ್ಪು ಮಾಡಿದರು ನೋಡಿ! ಮೊದಲೇ ಹೇಳಿಕೊಟ್ಟಿದ್ದಿರಾ?”

“ಎಂತದೂ ಬೇಡ ಟೀಚರ್,” ಎಂದಳು ಗುಣವತಿ, “ಮನೆಯಲ್ಲಿ ದಿನಾ ಅಭ್ಯಾಸ ಉಂಟು.”