ಮೀನ ಮೇಷ ಎಣಿಸದೆ ಕಲ್ಲು ಹೀರಿದ್ದು

ಮದುವೆಯಾದಾಗಿನಿಂದ ನಾನು ಸ್ವಚ್ಛತೆಯ ವಿಷಯದಲ್ಲಿ ಮಾತ್ರ ಯಾರಿಗೂ ಸೋತವಳಲ್ಲ! ನಮ್ಮ ಮನೆಯಲ್ಲಿ ಧೂಳು ಕೂಡ ನನ್ನ ಅಪ್ಪಣೆ ಪಡೆದೇ ಕೂರುತ್ತದೆ. ಇಂಥ ನನ್ನ ಸಾಮ್ರಾಜ್ಯದಲ್ಲಿ ಹಾಲ್ ಮೂಲೆಯ ಮೀನಿನ ತೊಟ್ಟಿಯೊಂದು ಮಾತ್ರ ಸ್ವತಂತ್ರ ಸಂಸ್ಥಾನ. ಮಗಳು ಹಾಸ್ಟೆಲ್ಲಿಗೆ ಹೊರಡುವಾಗ ಅಪ್ಪನ ಕೈಗೆ ಒಪ್ಪಿಸಿ ಹೋದ ಹೆಬ್ಬೆರಳುದ್ದದ ಗೋಲ್ಡ್‌ಫಿಶ್ಶೇ ಅದರ ದೊರೆ. ದಿನವಿಡೀ ಮೂಲೆಮೂಲೆ ಮೂಸುತ್ತ ರೌಂಡ್ಸ್ ಹೊಡೆಯುವುದರಿಂದ ಅದರ ಹೆಸರು ‘ಕಮಿಷನರ್’.

ಅಂದು ಮಗಳು ರಜೆಗೆ ಬರುವವಳಿದ್ದಳು. ಕಮಿಷನರನ್ನು ನೋಡದೆ ಬ್ಯಾಗನ್ನೂ ಕೆಳಗಿಡುವವಳಲ್ಲ. ಅವಳನ್ನು ಕರೆತರಲು ಸ್ಟೇಷನ್ನಿಗೆ ಹೊರಟಿದ್ದ ಯಜಮಾನರಿಗೆ, ಬಾಟಲಿಗೆ ಎಣ್ಣೆ ಬಗ್ಗಿಸುತ್ತಿದ್ದ ನಾನು ಆಲಿಕೆ ಹಿಡಿದುಕೊಂಡೇ ಸವಾಲೆಸೆದೆ.

“ರೀ, ತೊಟ್ಟಿ ತಳದಲ್ಲಿರೋ ಕಲ್ಲುಗಳನ್ನ ಯಾವತ್ತಾದ್ರೂ ತೊಳೆದಿದ್ದೀರಾ?”

“ಕಲ್ಲು ತೊಳೀಬಾರದು ಕಣೇ. ಅದರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇರುತ್ತೆ.”

“ಸೋಮಾರಿಗಳ ಮನೇಲೇ ಹುಟ್ಟೋದು ಈ ಒಳ್ಳೆ ಬ್ಯಾಕ್ಟೀರಿಯಾ! ಎರಡು ವರ್ಷದಿಂದ ಆ ಮೀನು ಮಾಡಿದ ಗಲೀಜೆಲ್ಲ ಎಲ್ಲಿಗೆ ಹೋಯ್ತು? ತೀರ್ಥಯಾತ್ರೆಗಾ?”

“ಅದನ್ನ ನಾನು ನೋಡ್ಕೊತೀನಿ. ನೀನು ಮಾತ್ರ ಕೈ ಹಾಕಬೇಡ.”

ಕೈ ಹಾಕಬೇಡ ಅಂದರಲ್ಲವೆ? ಕೈ ಹಾಕದೆಯೇ ಮಾಡಿ ತೋರಿಸುತ್ತೇನೆ! ಅವರು ಹೊರಟಿದ್ದೇ ತಡ, ಮೀನಿನಂಗಡಿಗೆ ಫೋನ್ ಹಚ್ಚಿದೆ.

“ತಳದ ಕಲ್ಲು ಆಗಾಗ ಕ್ಲೀನ್ ಮಾಡ್ಲೇಬೇಕಾ?”

“ಮಾಡ್ಲೇಬೇಕು ಮೇಡಂ. ಆಚೆ ತೆಗೆದು ತೊಳೀಬೇಡಿ, ಅಲ್ಲೇ ವ್ಯಾಕ್ಯೂಮ್ ಮಾಡಿ ಸಾಕು.”

ಕಾನ್ವೆಂಟಿನಲ್ಲಿ ಓದಿದವಳಿಗೆ ವ್ಯಾಕ್ಯೂಮ್ ಅಂದರೇನೆಂದು ಬಿಡಿಸಿ ಹೇಳಬೇಕೆ? ಅಟ್ಟದ ಮೇಲಿನ ವ್ಯಾಕ್ಯೂಮ್ ಕ್ಲೀನರ್ ಕೆಳಗಿಳಿಯಿತು.

ಇನ್ನು ಮೀನ ಮೇಷ ಎಣಿಸುವುದೇನು! ಎಣಿಸಲು ಇದ್ದದ್ದೂ ಒಂದೇ ಮೀನು. ಅದನ್ನು ತೊಟ್ಟಿಯ ನೀರಿನ ಸಮೇತ ಬಕೆಟ್ಟಿಗೆ ಎತ್ತಂಗಡಿ ಮಾಡಿದೆ. ಕಮಿಷನರಿಗೆ ವರ್ಗಾವಣೆ ಹೊಸದೇ? ಉಳಿದ ನೀರನ್ನು ಮಗ್ಗಿನಲ್ಲಿ ಮೊಗೆಮೊಗೆದು ಹೊರಗೆ ಚೆಲ್ಲಿದೆ. ತೊಟ್ಟಿಯ ನೀರಿಳಿಸಿದ್ದಾಯಿತು, ಇನ್ನು ಯಜಮಾನರದ್ದು!

ಸೋಫಾದಲ್ಲಿ ಪೇಪರ್ ಓದುತ್ತಿದ್ದ ಅತ್ತೆ ಕನ್ನಡಕ ಏರಿಸಿದರು. “ಏನಮ್ಮಾ, ನೆಲ ಗುಡಿಸೋ ಮಿಷನ್ನಿಗೆ ತೊಟ್ಟೀಲೇನು ಕೆಲಸ?”

“ಕಲ್ಲಲ್ಲಿರೋ ಕೊಳೆ ಹೀರುತ್ತೆ ಅತ್ತೆ.”

“ಮೀನಿಗೇ ಇಲ್ಲದ ರೋಗ ನಿನಗ್ಯಾಕೆ ತಾಯಿ?”

ಸ್ವಿಚ್ ಒತ್ತಿದೆ. ಮಿಷನ್ನು ‘ಗರ್ರ್’ ಎಂದು ಕೊಳೆಯ ಜೊತೆಗೆ ಕಲ್ಲನ್ನೂ ನುಂಗತೊಡಗಿತು. ಪೈಪಿನೊಳಗೆ ಕಟಕಟ, ಪಟಪಟ! ಆಮೇಲೆ ‘ಗುಂಯ್’ ಎಂದು ನರಳಿ ಗಂಟಲು ಕಟ್ಟಿಕೊಂಡಿತು. ನಾನು ಹೆದರುವವಳೇ? ಈ ಮಿಷನ್ನಿಗೆ ಎರಡು ಬಾಯಿ, ಒಂದು ಹೀರಲು, ಇನ್ನೊಂದು ಊದಲು. ಪೈಪನ್ನು ಕಿತ್ತು ಊದುವ ಬಾಯಿಗೆ ಸಿಕ್ಕಿಸಿ ಮತ್ತೆ ಸ್ವಿಚ್ ಒತ್ತಿದೆ.

ಢಮಾರ್! ಹಾಲ್ ತುಂಬ ಆಲಿಕಲ್ಲು ಮಳೆ! ಒಂದು ಗಡಿಯಾರಕ್ಕೆ, ಒಂದು ಷೋಕೇಸಿನ ಗಾಜಿಗೆ, ಇನ್ನೊಂದು ನಮ್ಮ ಮದುವೆ ಫೋಟೋದಲ್ಲಿ ಸರಿಯಾಗಿ ಯಜಮಾನರ ಮೂಗಿಗೆ! ಹಾವಿನಂತೆ ಹೊರಳುವ ಪೈಪನ್ನು ತಬ್ಬಿಕೊಂಡು ನಾನು ಕುಣಿಯುತ್ತಿದ್ದರೆ, ಅತ್ತೆ ಪೇಪರನ್ನೇ ಗುರಾಣಿ ಮಾಡಿಕೊಂಡು “ಯುದ್ಧ ನಿಲ್ಲಿಸೇ!” ಎಂದು ಕೂಗುತ್ತ ಅತ್ತಿಂದಿತ್ತ ಓಡಿ, ಕೊನೆಗೆ ತಮ್ಮ ಕೋಣೆ ಸೇರಿ ಚಿಲಕ ಹಾಕಿಕೊಂಡರು.

ಅಂತೂ ಪ್ಲಗ್ ಕಿತ್ತೆ. ಅಂಬೆಗಾಲಿಟ್ಟು ಕಲ್ಲು ಹೆಕ್ಕುತ್ತ ಬಕೆಟ್ಟಿನ ಬಳಿ ಬಂದು ಬಗ್ಗಿ ನೋಡಿದರೆ... ನೀರಿದೆ, ಕಮಿಷನರ್ ಇಲ್ಲ! ಸೋಫಾ ಕೆಳಗಿಲ್ಲ, ಮಿಷನ್ನಿನ ಹೊಟ್ಟೆಯಲ್ಲೂ ಇಲ್ಲ. ನನ್ನ ಎದೆ ‘ಧಸಕ್’ ಎಂದಿತು. ಅದೇ ಹೊತ್ತಿಗೆ ಬಾಗಿಲ ಬೆಲ್ಲೂ ಹೊಡೆದುಕೊಂಡಿತು.

“ಅಮ್ಮಾ, ಕಮಿಷನರ್ ಎಲ್ಲಿ?” ಬ್ಯಾಗ್ ಹೆಗಲಲ್ಲೇ ಇತ್ತು.

“ಮೊದಲು... ಮೊದಲು ನೀರು ಕುಡೀರಿ ಎಲ್ಲರೂ!” ಎಂದು ಊಟದ ಮೇಜಿನ ಮೇಲಿದ್ದ ಜಗ್ಗನ್ನು ಎತ್ತಿ ಯಜಮಾನರ ಲೋಟಕ್ಕೆ ಬಗ್ಗಿಸಿದೆ.

ಪ್ಲಕ್!

ಗಾಜಿನ ಲೋಟದಲ್ಲಿ ಕಮಿಷನರ್ ಸಸ್ಪೆಂಡ್ ಆಗಿ ತೇಲುತ್ತ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಮಗಳು ಕಿರುಚಿ, ಆಮೇಲೆ ನಕ್ಕಳು. ನನಗೆ ಹೋದ ಜೀವ ಬಂತು.

ಅತ್ತೆ ಚಿಲಕ ತೆಗೆದು ಇಣುಕಿದರು. “ಬಕೆಟ್ಟಿಗೂ ಗುಂಡು ಬೀಳ್ತಿತ್ತು. ಪಾಪ, ಮೂಕಜೀವಿ ಅಂತ ಜಗ್ಗಲ್ಲಿ ಮೊಗೆದಿಟ್ಟೆ.”

“ಅಂಗಡಿಯವನೇ ವ್ಯಾಕ್ಯೂಮ್ ಮಾಡಿ ಅಂದ!” ಎಂದೆ. ಯಜಮಾನರು ರಣರಂಗವನ್ನು ನೋಡಿ ಹಣೆ ಚಚ್ಚಿಕೊಂಡರು. “ವ್ಯಾಕ್ಯೂಮ್ ಅಂದ್ರೆ ಇದಲ್ಲ ಕಣೇ! ಅದಕ್ಕೇ ಅಂತ ಬೇರೆ ನಳಿಗೆ ಇದೆ. ಕಲ್ಲನ್ನ ತೊಳೆಯೋದಲ್ಲ, ಬರೀ ಕೊಳೆ ಹೀರೋದು. ಪ್ರತಿ ವಾರ ನೀನು ಮಾರ್ಕೆಟ್ಟಿಗೆ ಹೋದಾಗ ಅದನ್ನೇ ಮಾಡ್ತೀನಿ.”

“ಸುಳ್ಳು! ಅಂಥ ನಳಿಗೆ ಈ ಮನೇಲಿ ನಾನಂತೂ ಕಂಡಿಲ್ಲ. ಎಲ್ಲಿದೆ, ತೋರಿಸಿ ನೋಡೋಣ, ಹೀರೋ!”

ಅವರು ನೆಟ್ಟಗೆ ಅಡುಗೆಮನೆಗೆ ಹೋಗಿ, ಪಾರದರ್ಶಕ ಪ್ಲಾಸ್ಟಿಕ್ಕಿನ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ವಸ್ತುವನ್ನು ತಂದು, ಅದರ ತುದಿಗೆ ತೊಟ್ಟಿಯ ಹಿಂದಿದ್ದ ರಬ್ಬರ್ ಪೈಪೊಂದನ್ನು ಸಲೀಸಾಗಿ ಸಿಕ್ಕಿಸಿದರು.

“ಇದೇ. ಹೀರಿದ ಮೇಲೆ ನೀರಲ್ಲಿ ಅದ್ದಿ ಸಿಂಕ್ ಪಕ್ಕ ಒಣಗೋಕಿಡ್ತೀನಿ. ಆದ್ರೂ ಯಾಕೋ ಪ್ರತಿ ವಾರ ಎಣ್ಣೆ ಜಿಡ್ಡಾಗಿರುತ್ತೆ. ಮೀನೆಣ್ಣೆ ಇರ್ಬೇಕು ಅಂದ್ಕೊಂಡಿದ್ದೆ.”

ನನ್ನ ಆಲಿಕೆ!

ನೀರಿಳಿದು ನಿಂತ ನನ್ನ ಬೆನ್ನ ಮೇಲೆ ಅತ್ತೆ ಮೆಲ್ಲಗೆ ಕೈಯಿಟ್ಟರು.

“ಹೋಗ್ಲಿ ಬಿಡಮ್ಮಾ. ಎರಡು ವರ್ಷದಿಂದ ಉಂಡೂ ಗಟ್ಟಿಮುಟ್ಟಾಗಿದ್ದೀವಲ್ಲ... ಒಳ್ಳೆ ಬ್ಯಾಕ್ಟೀರಿಯಾನೇ ಇರ್ಬೇಕು!”