ಪರಸ್ತಾನಕ್ಕೆ ಇಟ್ಟ ಪೌಚು

ನನಗೆ ಯಾವ ಕೆಲಸ ಬೇಕಾದರೂ ಹೇಳಬಹುದು, ಯೋಚಿಸಿ ಮಾಡು ಎಂದು ಮಾತ್ರ ಹೇಳಬಾರದು. ಯೋಚಿಸದೆ ಮಾಡಿದಾಗ ನನ್ನಿಂದ ಸಾಧಾರಣ ತಪ್ಪುಗಳಾಗುತ್ತವೆ. ಹಾಲು ಉಕ್ಕುತ್ತದೆ, ಬೈಕಿನ ಕೀ ಬೈಕಿನಲ್ಲೇ ಉಳಿಯುತ್ತದೆ, ತಿರುಪ್ಪೂರಿನಲ್ಲಿ ನಾನು ಕೆಲಸ ಮಾಡುವ ಬನಿಯನ್ ಕಂಪನಿಯಲ್ಲಿ ನೀಲಿ ಕಾಲರು ಹೋಗಿ ಹಸಿರು ಅಂಗಿಗೆ ಕೂರುತ್ತದೆ. ಯೋಚಿಸಿ ಮಾಡಿದರೆ ವಿಷಯ ಅಂತಾರಾಷ್ಟ್ರೀಯ ಮಟ್ಟಕ್ಕೆ ಹೋಗುತ್ತದೆ. ಸಿಂಗಾಪುರದಲ್ಲಿ ಹಾಗೇ ಆಯಿತು.

ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ಅಪ್ಪನ ಮಗ್ಗದ ಶೆಡ್ಡು ಮಳೆಗೂ ನಿಂತಿಲ್ಲ, ಮದುವೆಗೂ ನಿಂತಿಲ್ಲ. ಅದನ್ನು ನಿಲ್ಲಿಸಿ ಅವರು ನಮ್ಮನ್ನು ಪರದೇಶಕ್ಕೆ ಕರೆದುಕೊಂಡು ಹೋಗಿದ್ದರು: ಅಮ್ಮ, ಅಜ್ಜಿ, ನಾನು. ಭಾನುವಾರ ಸಂಜೆ ವಾಪಸ್ ವಿಮಾನ. ಸೋಮವಾರ ಬೆಳಿಗ್ಗೆ ಮಗ್ಗ ಓಡುತ್ತದೆ ಎಂದು ನೂಲು ಕೊಡುವ ವ್ಯಾಪಾರಿಗೆ ಅಪ್ಪ ಮಾತು ಕೊಟ್ಟಿದ್ದರು. ಓಡದಿದ್ದರೆ ನೂಲನ್ನು ಪಕ್ಕದ ಶೆಡ್ಡಿಗೆ ಇಳಿಸುತ್ತೇನೆ ಎಂದು ಆತನೂ ಮಾತು ಕೊಟ್ಟಿದ್ದ. ಹಾಗಾಗಿ ಕೊನೆಯ ದಿನ ಅಪ್ಪ ಬೆಳಿಗ್ಗೆಯಿಂದಲೇ ಶೂ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು.

ಅಜ್ಜಿಯ ಚಿಂತೆಯೇ ಬೇರೆ. ಹೋಟೆಲ್ ಬಿಡುವ ಹೊತ್ತು ಸರಿಯಾಗಿ ರಾಹುಕಾಲಕ್ಕೆ ಬೀಳುತ್ತಿತ್ತು. ಊರಿಗೆ ವಾಪಸ್ ಹೋಗುವುದಕ್ಕೂ ರಾಹುಕಾಲವೇ ಎಂದು ಅಪ್ಪ ಕೇಳಿದರು.

“ನೀನು ಹೋಗ್ತಿದೀಯೋ ಬರ್ತಿದೀಯೋ, ರಾಹುಗೆ ಏನಪ್ಪಾ ತೆರಿಯುತ್ತೆ?” ಎಂದಳು ಅಜ್ಜಿ, ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ.

ಇದಕ್ಕೆ ನಮ್ಮಲ್ಲಿ ಪರಿಹಾರವಿದೆ, ಪರಸ್ತಾನ. ಒಳ್ಳೆಯ ಹೊತ್ತಿನಲ್ಲಿ ನಮ್ಮದೊಂದು ವಸ್ತುವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಆಮೇಲೆ ಯಾವ ಹೊತ್ತಿನಲ್ಲಾದರೂ ಹೊರಟು, ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋಗಬಹುದು. ತಾತ ಒಮ್ಮೆ ವಾಲ್ಪಾರೈಗೆ ಹೊರಟಾಗ ಹೊಸ ಪಂಚೆಯನ್ನು ಪಕ್ಕದ ಮನೆಯಲ್ಲಿ ಇಟ್ಟಿದ್ದರಂತೆ. ಪಕ್ಕದ ಮನೆಯವನು ಅದನ್ನುಟ್ಟುಕೊಂಡು ಯಾವುದೋ ಮದುವೆಗೆ ಹೋಗಿಬಿಟ್ಟ. ಅವನ ಪ್ರಯಾಣ ಬಹಳ ಸುಖವಾಗಿತ್ತು ಎಂದು ತಾತ ಸಾಯುವವರೆಗೂ ಹೇಳುತ್ತಿದ್ದರು.

ಅಜ್ಜಿ ನನ್ನನ್ನು ಕರೆದು, “ನಮ್ ಜೊತೆ ಬಂದೇ ತೀರ್ಬೇಕಾದ್ದು ಏನಿದ್ಯೋ ಯೋಚ್ನೆ ಮಾಡಿ, ಯಾರ ಹತ್ರಾನಾದ್ರೂ ಇಟ್ಟು ಬಾ ಕಣ್ಣು” ಎಂದು ಮುದ್ದಿನಿಂದ ಹೇಳಿದಳು. ಅವಳ ಮನಸ್ಸಿನಲ್ಲಿದ್ದದ್ದು ಅವಳ ಶಾಲು. ನಾನು ಯೋಚಿಸಿದೆ. ಶಾಲು ಬಿಟ್ಟು ಹೋಗಬಹುದು. ಅಮ್ಮ ಕೊಂಡ ಪ್ಲಾಸ್ಟಿಕ್ ಡಬ್ಬಿಗಳನ್ನು ಬಿಟ್ಟೇ ಹೋಗಬಹುದು. ಬಂದೇ ತೀರಬೇಕಾದದ್ದು ಯಾವುದು? ನನ್ನ ಸುಪರ್ದಿಯಲ್ಲಿದ್ದ ಪೌಚಿನೊಳಗಿನ ನಾಲ್ಕು ಪಾಸ್‌ಪೋರ್ಟು. ಇಷ್ಟು ಶುದ್ಧವಾದ ತರ್ಕ ನನ್ನ ತಲೆಯಲ್ಲಿ ಅದಕ್ಕೆ ಮುಂಚೆ ಹುಟ್ಟಿರಲಿಲ್ಲ. ಬೀದಿಯ ಕೊನೆಯಲ್ಲಿ ತಂಜಾವೂರು ಕಡೆಯ ಒಬ್ಬ ಮುದುಕರ ಹೂವಿನ ಅಂಗಡಿ ಇತ್ತು. ಪರಸ್ತಾನ ಎಂದೊಡನೆ ಅವರು ಎದ್ದು ನಿಂತು, ಎರಡೂ ಕೈಯಲ್ಲಿ ಪೌಚು ತೆಗೆದುಕೊಂಡು ದೇವರ ಪಟದ ಕೆಳಗೆ ಇಟ್ಟರು.

ಟ್ಯಾಕ್ಸಿ ಬಂತು. ಪೆಟ್ಟಿಗೆಗಳು ಡಿಕ್ಕಿಗೆ ಹೋದವು. ಅಪ್ಪ ಕೈ ಚಾಚಿ ಪಾಸ್‌ಪೋರ್ಟ್ ಕೇಳಿದರು. ಪರಸ್ತಾನಕ್ಕೆ ಇಟ್ಟಿದ್ದೇನೆ, ಹೋಗುತ್ತಾ ಎತ್ತಿಕೊಳ್ಳೋಣ ಎಂದು ಶಹಬ್ಬಾಸ್‌ಗಿರಿ ಕಾದು ನಿಂತೆ. ಅಪ್ಪನ ಮುಖದಲ್ಲಿ ಮಗ್ಗದ ಎಳೆಗಳೆಲ್ಲ ಒಟ್ಟಿಗೆ ಕಡಿದಂತಾಯಿತು. ಟ್ಯಾಕ್ಸಿ ಬೀದಿಯ ಕೊನೆಗೆ ಹೋಗಿ ನಿಂತಾಗ ಅಂಗಡಿಯ ಬಾಗಿಲು ಎಳೆದಿತ್ತು.

ಬೋರ್ಡಿನಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಮುದುಕರು ಊರಿನ ಇನ್ನೊಂದು ಮೂಲೆಯ ಕೋವಿಲಿಗೆ ಹೂವು ಕೊಡಲು ಹೋಗಿದ್ದರು. ಪರಸ್ತಾನವನ್ನು ಒಂಟಿಯಾಗಿ ಬಿಡಬಾರದೆಂದು ಪೌಚನ್ನೂ ಒಯ್ದಿದ್ದರು. ಬೇಗ ಹೋಟೆಲ್ ಹತ್ತಿರ ತನ್ನಿ ಎಂದು ಗೋಗರೆದೆ. ಅವರು ನಿಧಾನವಾಗಿ ತಮಿಳಿನಲ್ಲಿ ಹೇಳಿದರು: “ಹೊರಟ ಜಾಗಕ್ಕೆ ಅದು ತಿರುಗಿ ಬರಬಾರದು ತಂಬಿ. ಪ್ರಯಾಣ ಮುರಿಯುತ್ತದೆ. ನೀವು ಏರ್‌ಪೋರ್ಟಿಗೆ ನಡೆಯಿರಿ, ನಾನು ಮುಂದಕ್ಕೇ ತರುತ್ತೇನೆ.”

ಅಪ್ಪ ಫೋನು ಕಿತ್ತುಕೊಂಡು ಬೇಡಿಕೊಂಡರು. ಅಮ್ಮ ಅಳುವ ದನಿಯಲ್ಲಿ ಬೇಡಿಕೊಂಡಳು. ಕೊನೆಗೆ ಅಜ್ಜಿ ಫೋನು ಇಸ್ಕೊಂಡು ಪೂರ್ತಿ ಕೇಳಿ, “ಅವರು ಹೇಳೋದು ಸರೀನೇ. ಗಾಡಿ ಬಿಡಪ್ಪ” ಎಂದಳು. ಹೀಗೆ ನಾವು ಪಾಸ್‌ಪೋರ್ಟಿಲ್ಲದೆ, ಪಕ್ಕಾ ರಾಹುಕಾಲದಲ್ಲಿ, ವಿಮಾನ ಹತ್ತಲು ಹೊರಟೆವು.

ದಾರಿಯುದ್ದಕ್ಕೂ ಅಪ್ಪ ವ್ಯಾಪಾರಿಯ ನಂಬರು ತೆಗೆಯುವುದು, ಒತ್ತದೆ ಮತ್ತೆ ಜೇಬಿಗೆ ಹಾಕುವುದು ನಡೆದೇ ಇತ್ತು. ಏರ್‌ಪೋರ್ಟಿನಲ್ಲಿ ಕೊಯಮತ್ತೂರು ವಿಮಾನದ ಕೌಂಟರಿನ ಮುಂದಿನ ಸಾಲು ಕರಗುತ್ತಾ ಬಂತು. ಡಬ್ಬಿ ಕೊಂಡವರು, ಚಾಕಲೇಟು ಕೊಂಡವರು, ನಮ್ಮ ಸೋಮನೂರಿನವರೇ ಒಬ್ಬರು, ಎಲ್ಲರೂ ಒಳಗೆ ಹೋದರು. ಕೌಂಟರಿನ ಹುಡುಗಿ ನಮ್ಮನ್ನು ನೋಡುವುದು, ಗಡಿಯಾರ ನೋಡುವುದು. ನಾನು ಆ ಬಾಗಿಲಿಂದ ಈ ಬಾಗಿಲಿಗೆ ಓಡುತ್ತಾ ಬಿಳಿ ಪಂಚೆ ಕಂಡಲ್ಲೆಲ್ಲ ಕೈ ಬೀಸಿದೆ. ಒಬ್ಬರು ಪಾಪ, ಪರಿಚಯದವನಿರಬೇಕೆಂದು ನಿಂತು ನನ್ನ ಕ್ಷೇಮ ವಿಚಾರಿಸಿದರು.

ಹುಡುಗಿ ಬೋರ್ಡನ್ನು ಮಡಚಲು ಕೈ ಹಾಕಿದಾಗ ಎಸ್ಕಲೇಟರಿನ ಕೊನೆಯಲ್ಲಿ ಮುದುಕರ ತಲೆ ಕಾಣಿಸಿತು. ಆಮೇಲೆ ವಿಭೂತಿಯ ಹಣೆ, ಆಮೇಲೆ ಎದೆಗೆ ಅವುಚಿದ ಪೌಚು. ಅದಕ್ಕೊಂದು ಮೊಳ ಮಲ್ಲಿಗೆ ಸುತ್ತಿತ್ತು. ನಾನು ಓಡಿಹೋಗಿ ಕೈ ಚಾಚಿದೆ. ಅವರು ನನ್ನನ್ನು ಬಳಸಿಕೊಂಡು ನಡೆದು ಹೋಗಿ ಅಜ್ಜಿಯ ಕೈಗೆ ಕೊಟ್ಟರು. ಅಪ್ಪ ಕಾಲಿಗೆ ಬೀಳುವುದೊಂದು ಬಾಕಿ. ಮುದುಕರು, ಪ್ರಯಾಣ ಚೆನ್ನಾಗಿ ಶುರುವಾಗಿದೆ, ಇನ್ನು ಭಯವಿಲ್ಲ ಎಂದು ಹರಸಿ ಹೊರಟರು.

ವಿಮಾನ ಮೇಲೇರಿದ ಮೇಲೆ ಅಪ್ಪ ನನ್ನ ಕಡೆ ನೋಡದೆ ಅಜ್ಜಿಗೆ, “ಇನ್ನೊಂದ್ಸಲ ಎಲ್ಲಾದ್ರೂ ಹೋದ್ರೆ ಪರಸ್ತಾನಕ್ಕೆ ಇವನನ್ನೇ ಇಟ್ಬಿಡೋಣ ಅಮ್ಮಾ” ಎಂದರು.

ಅಜ್ಜಿ ನನ್ನ ಪರ ನಿಲ್ಲುತ್ತಾಳೆಂದು ಅವಳತ್ತ ತಿರುಗಿದೆ. ಅವಳು ಗಂಭೀರವಾಗಿ, “ಇಡಬಹುದಪ್ಪ. ಇಟ್ಕೊಳ್ಳೋದು ಯಾರು?” ಎಂದಳು.

ಅಮ್ಮ, ನನ್ನ ಸೋದರತ್ತೆಯ ಮನೆ ಎಂದಳು. ಅಪ್ಪ, ತಂಗಿಯ ಜೊತೆ ಸಂಬಂಧ ಕೆಡುತ್ತದೆ ಎಂದರು. ಮಾವನ ಮನೆ, ದೊಡ್ಡಮ್ಮನ ಮನೆ, ಎಲ್ಲವನ್ನೂ ತೂಗಿ ನೋಡಿದರು. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿದ್ದೆ. ಕೊಯಮತ್ತೂರಿನಲ್ಲಿ ಚಕ್ರ ನೆಲ ಮುಟ್ಟುವವರೆಗೂ ಒಂದು ಮನೆಯೂ ಸಿಕ್ಕಿರಲಿಲ್ಲ.