ಹಳೆಯ ಪ್ರೊಸೆಸರಿನ ಸೇವಾ ಜ್ಯೇಷ್ಠತೆ

2024ರ ಜೂನ್ 10, ಸೋಮವಾರ. ಗದಗ-ಬೆಟಗೇರಿಯಲ್ಲಿ ಬೆಳಿಗ್ಗೆಯಿಂದ ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಮಧ್ಯಾಹ್ನ ನಾಲ್ಕು ಹನಿ ಬಿದ್ದು ನಿಂತಿತು. ಅಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಮಗ್ಗ ದೃಢೀಕರಣ ಕಚೇರಿಯಲ್ಲಿ ಒಂದು ಹೊಸ ಲ್ಯಾಪ್‌ಟಾಪ್ ಕರ್ತವ್ಯಕ್ಕೆ ಹಾಜರಾಯಿತು.

ಈ ಕಚೇರಿಯ ಕೆಲಸ ಒಂದೇ. ಮಗ್ಗ ಇರುವವರಿಗೆ, ಅವರಿಗೆ ಮಗ್ಗ ಇದೆ ಎಂದು ಒಂದು ಪುಟದ ಪತ್ರ ಕೊಡುವುದು. ಮಗ್ಗ ಇರುವುದು ಮಗ್ಗದವರಿಗೆ ಗೊತ್ತಿರುತ್ತದೆ. ಓಣಿಯವರಿಗೆ ಅದರ ಸದ್ದಿನಿಂದ ಗೊತ್ತಾಗುತ್ತದೆ. ಸರ್ಕಾರಕ್ಕೆ ಮಾತ್ರ ಪತ್ರದಿಂದ ಗೊತ್ತಾಗಬೇಕು.

ಅಲ್ಲಿಯವರೆಗೆ ಈ ಪತ್ರಗಳನ್ನು 2013ರಲ್ಲಿ ಬಂದ ಒಂದೇ ಲ್ಯಾಪ್‌ಟಾಪ್ ತಯಾರಿಸುತ್ತಿತ್ತು. ಒಂದು ಪತ್ರಕ್ಕೆ ನಲವತ್ತು ನಿಮಿಷ. ಆ ನಲವತ್ತು ನಿಮಿಷಗಳಲ್ಲಿ ಕಚೇರಿಯ ಚಹಾ, ಎಲೆ-ಅಡಿಕೆ, ಯಾರದೋ ಮಗಳ ಲಗ್ನದ ಮಾತು, ಎಲ್ಲವೂ ತಮ್ಮ ತಮ್ಮ ಜಾಗ ಹಿಡಿದು ಹನ್ನೊಂದು ವರ್ಷ ಸುಗಮವಾಗಿ ನಡೆದುಬಂದಿದ್ದವು.

ಅಂದು ಬಾಕಿನ ಮೇಲೆ ಮೊದಲು ಕುಳಿತಿದ್ದವಳು ಬೆಟಗೇರಿಯ ದೇವವ್ವ. ವಯಸ್ಸು ಅರವತ್ತೆರಡು, ನೇಯಲು ಕೂತದ್ದು ಹನ್ನೊಂದನೆಯ ವಯಸ್ಸಿಗೆ. ಮೊಮ್ಮಗಳು ಸ್ನೇಹಾಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಮಗ್ಗದ ಪತ್ರ ತೋರಿಸಿದರೆ ಫೀ ಪೂರ್ತಿ ಮಾಫಿ. ಪತ್ರ ತಲುಪಿಸಲು ಕೊನೆಯ ದಿನ ಜೂನ್ 28.

ಗುತ್ತಿಗೆ ಮೇಲಿದ್ದ ಆಪರೇಟರ್ ಶಾಂಭವಿ, ದೇವವ್ವನ ವಿವರಗಳನ್ನು ಹೊಸ ಯಂತ್ರದಲ್ಲಿ ತುಂಬಿ ಗುಂಡಿ ಒತ್ತಿದಳು. ನಾಲ್ಕು ಸೆಕೆಂಡಿನಲ್ಲಿ ಪತ್ರ ತಯಾರಾಯಿತು.

"ಆತೇನವ್ವಾ?" ಎಂದಳು ದೇವವ್ವ.

"ಆತು ನೋಡ್ರಿ ಆಯಿ."

"ಏ, ನಿಲ್ಲು ನಿಲ್ಲು." ಕಚೇರಿಯ ಅಧೀಕ್ಷಕ ಸಿದ್ದಲಿಂಗೇಶ ಲೋಟ ಕೆಳಗಿಟ್ಟರು. ಅವರದು ಮೂವತ್ತೊಂದು ವರ್ಷದ ಸೇವೆ. "ನನ್ನ ಚಹಾ ಇನ್ನೂ ಅರ್ಧಾ ಐತಿ. ಪತ್ರ ಹೆಂಗ ಆತು?"

"ಹೊಸಾ ಪ್ರೊಸೆಸರ್ ಐತ್ರಿ ಸರ್. ಜೋರ್ ಐತಿ."

"ಜೋರ್ ಇರ್ಲಿ. ಹಳೇದು ಯಾವಾಗ ಸೇವಾಕ್ಕ ಸೇರಿತು? ಹದಿಮೂರರಾಗ. ಇದು? ಇವತ್ತ. ಇವತ್ತ ಬಂದದ್ದು, ಹನ್ನೊಂದು ವರ್ಷ ದುಡದದ್ದನ್ನ ದಾಟಿ ಪತ್ರ ಕೊಡತೈತಿ ಅಂದ್ರ, ನಾಳಿಗೆ ನೀನೂ ನನ್ನ ದಾಟಿ ಸಹಿ ಮಾಡ್ತಿ."

"ಸರ್, ಪತ್ರ ಹೆಂಗೂ ಆಗೇತಿ. ಆಯಿಗೆ ಕೊಟ್ಟುಬಿಡೋಣ್ರಿ."

"ನೀ ಸುಮ್ಕಿರು. ನಿಂದ ಇನ್ನೂ ಗುತ್ತಿಗಿ ಐತಿ."

ಹೀಗೆ ದೇವವ್ವನ ಪತ್ರ, ಪತ್ರವಾಗಿ ಉಳಿಯದೆ ಸಾಕ್ಷ್ಯವಾಯಿತು. ಹಳೆಯ ಮತ್ತು ಹೊಸ ಪ್ರೊಸೆಸರುಗಳ ತುಲನೆಗೆ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಮೂವರ ಸಮಿತಿ ರಚಿಸಿದರು, ಸಿದ್ದಲಿಂಗೇಶರು ಅಧ್ಯಕ್ಷರು. ತುಲನೆ ಮುಗಿಯುವವರೆಗೆ ಸದರಿ ಮಾದರಿ ಪತ್ರವನ್ನು ಯಾರಿಗೂ, ವಿಶೇಷವಾಗಿ ಅರ್ಜಿದಾರಳಿಗೆ, ಕೊಡಕೂಡದೆಂದು, ಅದನ್ನೇ ಹಳೆಯದರಲ್ಲಿ ಮತ್ತೆ ತಯಾರಿಸಲೂ ಕೂಡದೆಂದು ಆದೇಶವಾಯಿತು. ದೇವವ್ವನಿಗೆ ಮರುದಿನ ಬರಲು ಹೇಳಲಾಯಿತು. ಅವಳು ಬಂದಳು. ಅದರ ಮರುದಿನವೂ ಬಂದಳು.

ತಾಂತ್ರಿಕ ವಿವರಣೆಗೆಂದು ಯಂತ್ರ ಪೂರೈಸಿದ ಅಂಗಡಿಯ ಅನೀಸನನ್ನು ಕರೆಸಲಾಯಿತು. ಅವನು ನಿಂತುಕೊಂಡೇ ಹೇಳಿದ:

"ಭಾಳ ಸರಳ ಐತ್ರಿ ಸರ. ಹಳೇದರ ಒಳಗ ಎರಡು ಕೋರ್ ಅದಾವು. ಅಂದ್ರ ಎರಡು ಮಂದಿ ಕೂತು ಕೆಲಸ ಮಾಡಿದಂಗ. ಹೊಸದರಾಗ ಆರು ಮಂದಿ."

"ಆರು?" ಸಿದ್ದಲಿಂಗೇಶರು ಕನ್ನಡಕ ಏರಿಸಿದರು. "ನಮಗ ಮಂಜೂರಾದದ್ದು ಎರಡ ಹುದ್ದೆ. ನಾಕು ಮಂದಿನ್ನ ಯಾರನ್ನ ಕೇಳಿ ಹಾಕಿದಿ?"

"ಮಂದಿ ಅಲ್ರಿ, ಹಂಗ ಹೇಳಿದ್ನಿ..."

"ಹೇಳಿದ್ದು ಬರಕೊಂಡೀವಿ. ಆರೂ ಮಂದಿ ಒಂದ ಸಮಾ ದುಡೀತಾರೇನು?"

"ಇಲ್ರಿ. ಎರಡು ಜೋರಿನವು. ನಾಕು ನಿಧಾನದವು, ಕರೆಂಟ್ ಉಳಸಾಕ."

ಸಿದ್ದಲಿಂಗೇಶರ ಮುಖ ಮೊದಲ ಸಲ ಸಡಿಲಾಯಿತು. "ನಿಧಾನದವು ಅಂದ್ರ ಸೀನಿಯರ್ ಇರಬೇಕು. ಅದರಾಗ ಎರಡು ಇಟ್ಟು ಉಳದ ನಾಕು ಬಂದ್ ಮಾಡು."

"ಬಂದ್ ಮಾಡಾಕ ಬರತೈತ್ರಿ. ಆದ್ರ ಹಂಗ ಯಾರೂ ಮಾಡ್ಸಂಗಿಲ್ಲ. ರೊಕ್ಕಾ ಕೊಟ್ಟು ತಗೊಂಡೀರಿ."

"ರೊಕ್ಕಾ ಸರ್ಕಾರದ್ದು. ಹುದ್ದೆನೂ ಸರ್ಕಾರದ್ದು. ನಿನಗ್ಯಾಕ ಸಂಕಟ?"

ಅನೀಸ ನಾಲ್ಕು ಕೋರ್‌ಗಳನ್ನು ಬಂದ್ ಮಾಡಿದ. ಕಡತದಲ್ಲಿ ಅವುಗಳನ್ನು 'ಸ್ಥಳ ನಿರೀಕ್ಷಣೆಯಲ್ಲಿ' ಎಂದು, ಅಂದರೆ ಹುದ್ದೆಗೆ ಕಾಯುತ್ತಿರುವವೆಂದು, ತೋರಿಸಲಾಯಿತು.

ಅಷ್ಟಾದರೂ ಹೊಸ ಯಂತ್ರ ಪತ್ರವೊಂದಕ್ಕೆ ಆರು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ಇದು ಗದಗಿನ ಹವೆಯ ಪ್ರಭಾವ ಇರಬಹುದೆಂದು ಸಮಿತಿಗೆ ಅನುಮಾನ ಬಂತು. ಉಳಿದ ತಾಲೂಕುಗಳ ಹವೆಯಲ್ಲೂ ಪರೀಕ್ಷಿಸುವುದು ಅಗತ್ಯವೆಂದು ಎರಡೂ ಲ್ಯಾಪ್‌ಟಾಪುಗಳನ್ನು, ದೇವವ್ವನ ಪತ್ರ ಸಮೇತ, ಜೀಪಿನಲ್ಲಿ ಹಾಕಿಕೊಂಡು ಜೂನ್ 19ರಂದು ಸಮಿತಿ ಲಕ್ಷ್ಮೇಶ್ವರಕ್ಕೆ ಹೊರಟಿತು. ಪತ್ರ ಹೋದಲ್ಲಿ ತಾನೂ ಇರಬೇಕೆಂದು ದೇವವ್ವ ಬಸ್ಸಿನಲ್ಲಿ ಹಿಂದೆ ಹೋದಳು. ಬಸ್ಸು ಹೆಂಗಸರಿಗೆ ಪುಕ್ಕಟೆ ಇದ್ದದ್ದರಿಂದ ಈ ವಿಳಂಬದಿಂದ ಅರ್ಜಿದಾರಳಿಗೆ ಯಾವ ನಷ್ಟವೂ ಆಗಿಲ್ಲವೆಂದು ವರದಿಯಲ್ಲಿ ಬರೆಯಲು ಅನುಕೂಲವಾಯಿತು.

ಲಕ್ಷ್ಮೇಶ್ವರದಲ್ಲಿ ಹಳೆಯದು ಕಾದು, ಅದರ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು. ಹೊಸದು ತಣ್ಣಗೆ, ಸದ್ದಿಲ್ಲದೆ ಇತ್ತು.

ಮರುದಿನ ಶಿರಹಟ್ಟಿ. ಅಲ್ಲಿಯ ಗುಮಾಸ್ತ ಶೇಖಸಾಬ ಎರಡನ್ನೂ ಸುತ್ತು ಹಾಕಿ ನೋಡಿ, "ಎತ್ತಿನಂಗ ಹಲ್ಲು ನೋಡಿ ವಯಸ್ಸು ಹೇಳಾಕ ಬರಂಗಿಲ್ಲೇನ್ರಿ?" ಎಂದ. ಅವನು ನಕ್ಕ; ಸಮಿತಿ ನಗಲಿಲ್ಲ. ಹಳೆಯದರ ಕೀಬೋರ್ಡಿನಲ್ಲಿ ಮೂರು ಗುಂಡಿ ಉದುರಿದ್ದವು, ಹೊಸದರಲ್ಲಿ ಎಲ್ಲವೂ ಇದ್ದವು. ವಯಸ್ಸು ಸಾಬೀತಾಯಿತು. ಶೇಖಸಾಬನ ಮಾತನ್ನು ತಜ್ಞರ ಅಭಿಪ್ರಾಯವೆಂದು ದಾಖಲಿಸಲಾಯಿತು.

ಶುಕ್ರವಾರ ಮುಂಡರಗಿಯಲ್ಲಿ ಕರೆಂಟ್ ಇರಲಿಲ್ಲ. ಹಳೆಯದು ಏಳಲೇ ಇಲ್ಲ. ಹೊಸದು ಬ್ಯಾಟರಿಯ ಮೇಲೆ ಸಂಜೆತನಕ ನಡೆಯಿತು.

ಅಲ್ಲಿಯ ಕಚೇರಿಯ ಹೊರಗೆ ಬೇವಿನ ನೆರಳಿನಲ್ಲಿ ಕುಳಿತಿದ್ದ ದೇವವ್ವ ಸಿದ್ದಲಿಂಗೇಶರನ್ನು ಕೇಳಿದಳು: "ಸಾಹೇಬ್ರ, ಇನ್ನೊಂದ ವಾರ ಉಳದೈತ್ರಿ. ಆ ಕಾಗದಾ ಜೀಪಿನ್ಯಾಗ ಸುಮ್ನ ಕುಂತೈತಿ. ನನ್ನ ಕೈಯಾಗ ಕೊಟ್ರ ನಾ ಹಿಡಕೊಂಡ ಕುಂಡ್ರತೇನಿ, ಓಡಿಹೋಗಂಗಿಲ್ಲ."

"ಯವ್ವಾ, ಅದು ಕಿರಿಯದು ಮಾಡಿದ ಪತ್ರ. ಹಿರೇದು ಮಾಡೂತನಕ ಅದಕ್ಕ ಬೆಲಿ ಇಲ್ಲ. ನಿನ್ನ ಮನ್ಯಾಗೂ ಹಿರೇರು ಉಣ್ಣೂತನಕ ಸಣ್ಣವ್ರು ತಾಟು ಮುಟ್ಟತಾರೇನು?"

"ನಮ್ಮನ್ಯಾಗ ಮೊದಲು ಹುಡುಗೂರು ಉಣ್ಣತಾವ್ರಿ," ಎಂದಳು ದೇವವ್ವ.

ಇದು ತಾಂತ್ರಿಕ ವಿಷಯವಲ್ಲದ್ದರಿಂದ ದಾಖಲಾಗಲಿಲ್ಲ.

ಸಮಿತಿಯ ವರದಿ ಜುಲೈ 1ರಂದು ಮಂಡನೆಯಾಯಿತು. ಅದರ ಮುಖ್ಯ ಭಾಗ ಹೀಗಿದೆ:

'ಹಳೆಯ ಪ್ರೊಸೆಸರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅಂದರೆ ಅದು ಶ್ರಮ ಪಡುತ್ತಿದೆ. ಹೊಸದು ತಣ್ಣಗಿರುತ್ತದೆ, ಶ್ರಮ ಪಟ್ಟ ಯಾವ ಗುರುತೂ ಕಂಡುಬಂದಿಲ್ಲ. ಹಳೆಯದು ಮಾಡುವ ಸದ್ದಿನಿಂದ ಸಾರ್ವಜನಿಕರಿಗೆ ಕಚೇರಿ ನಡೆಯುತ್ತಿದೆ ಎಂಬ ಭರವಸೆ ಮೂಡುತ್ತದೆ. ಮುಂಡರಗಿಯಲ್ಲಿ ವಿದ್ಯುತ್ ಇಲ್ಲದಾಗ ಹಳೆಯದು ಶಿಸ್ತಿನಿಂದ ಸುಮ್ಮನಿತ್ತು. ಹೊಸದು ವಿದ್ಯುತ್ ಇಲ್ಲದಿದ್ದರೂ ಕೆಲಸ ಮಾಡಿದೆ. ಯಾರ ಅನುಮತಿಯಿಂದ ಎಂಬುದಕ್ಕೆ ವಿವರಣೆ ಇಲ್ಲ.'

ಸಾಹೇಬರು ಓದಿ, ಅಂದೇ ಆದೇಶ ಹೊರಡಿಸಿದರು. ಹೊಸ ಪ್ರೊಸೆಸರ್ ಎರಡು ವರ್ಷ ಪರೀಕ್ಷಾರ್ಥ ಅವಧಿಯಲ್ಲಿರತಕ್ಕದ್ದು. ದೃಢೀಕರಣ ಪತ್ರ ನೀಡಿಕೆಯಲ್ಲಿ ಹಳೆಯದಕ್ಕಿಂತ ಮೊದಲು ಅದು ಕೆಲಸ ಮುಗಿಸತಕ್ಕದ್ದಲ್ಲ. ಅಕಸ್ಮಾತ್ ಮುಗಿಸಿದಲ್ಲಿ, ಹಳೆಯದು ಮುಗಿಸುವವರೆಗೆ ಮುಗಿಸಿಲ್ಲವೆಂದೇ ಭಾವಿಸತಕ್ಕದ್ದು.

ಆದೇಶದ ಸಂತೋಷಕ್ಕೆ ಹಳೆಯ ಲ್ಯಾಪ್‌ಟಾಪಿಗೆ ಸೇವಂತಿಗೆ ಹಾರ ಹಾಕಿ ಫೋಟೋ ತೆಗೆಸಲಾಯಿತು. ಹಾರ ಫ್ಯಾನಿನ ಕಿಂಡಿಗೆ ಅಡ್ಡ ಬಂದು ಅದು ಮೂರು ದಿನ ಏಳಲಿಲ್ಲ. ಜುಲೈ 5ರ ಶುಕ್ರವಾರ ಎದ್ದು, ಐವತ್ತೆರಡು ನಿಮಿಷದಲ್ಲಿ ದೇವವ್ವನ ಪತ್ರವನ್ನು ಹೊರಹಾಕಿತು. ಅಕ್ಷರಶಃ ಅದೇ ಪತ್ರ. ಸಾಹೇಬರ ಸಹಿ ಬಿತ್ತು, ಸಿಕ್ಕಾ ಬಿತ್ತು. ದೇವವ್ವನಿಗೆ ಹೇಳಿಕಳಿಸಲಾಯಿತು.

ಜೂನ್ 28 ದಾಟಿ ಒಂದು ವಾರವಾಗಿತ್ತು. ಕೊನೆಯ ದಿನಾಂಕ ಕಾಲೇಜಿನದು, ಕಚೇರಿಯದಲ್ಲ. ಹೀಗಾಗಿ ಕಚೇರಿ ಅದನ್ನು ಗಮನಿಸಿರಲಿಲ್ಲ.

"ಬಾ ಬೇ ದೇವವ್ವ, ಕುಂಡ್ರು." ಸಿದ್ದಲಿಂಗೇಶರು ಅಂದು ಖುಷಿಯಲ್ಲಿದ್ದರು. "ನಿನ್ನ ಪತ್ರ ಬಂತು ನೋಡು. ಹಿರೇದ ಮಾಡೇತಿ, ಇನ್ನ ಯಾರೂ ತಕರಾರು ಮಾಡಂಗಿಲ್ಲ. ಇಲ್ಲೊಂದು ಸಹಿ ಹಾಕು. ನಿಲ್ಲು, ಈ ಒಂದು ಕಾಲಂ ತುಂಬತೇನಿ. ಮಗ್ಗ ಸುಸ್ಥಿತಿಯಲ್ಲಿ ಐತಿಲ್ಲೋ?"

"ಐತ್ರಿ. ಛಲೋ ಐತಿ."

"ಮನ್ಯಾಗ ಐತಿ, ಹೌದಲ್ಲೋ?"

"ಮನ್ಯಾಗ ಇಲ್ರಿ."

ಪೆನ್ನು ನಿಂತಿತು. "ಮತ್ತೆಲ್ಲೈತಿ?"

"ಇಪ್ಪತ್ತೆಂಟಕ್ಕ ಫೀ ತುಂಬೋದಿತ್ರಿ. ಕಾಗದಾ ನಿಮ್ಮ ಕಡೆ ಇತ್ತು. ಕಾಲೇಜಿನವ್ರು ಕಾಗದಾ ಇಲ್ಲಂದ್ರ ರೊಕ್ಕಾ ಅಂದ್ರು. ಮಗ್ಗ ಮಾರಿ ತುಂಬಿದ್ನಿ."

ಶಾಂಭವಿ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಳು.

ಸಿದ್ದಲಿಂಗೇಶರು ಪತ್ರವನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡರು. "ಹಂಗಾದ್ರ ನಿನಗ ಮಗ್ಗ ಇಲ್ಲ."

"ಇಲ್ರಿ."

"ಮಗ್ಗ ಐತಿ ಅಂತ ಪತ್ರ ಐತಿ."

"ಅದೂ ಖರೆ ರಿ."

"ಅಂದ್ರ ಈ ಪತ್ರ ಸುಳ್ಳು ಆಗತೈತಿ ಬೇ. ರದ್ದು ಮಾಡಬೇಕಾಗತೈತಿ."

ದೇವವ್ವ ವಿಚಾರ ಮಾಡಿ ಒಪ್ಪಿಕೊಂಡಳು. ತನಗೆ ಮಗ್ಗ ಇಲ್ಲದಿರುವುದು ಅವಳಿಗೆ ಸ್ಪಷ್ಟವಿತ್ತು.

ರದ್ದತಿ ಆದೇಶವನ್ನು ಯಾವ ಯಂತ್ರದಲ್ಲಿ ತಯಾರಿಸಬೇಕೆಂದು ಶಾಂಭವಿ ಕೇಳಿದಳು. ಸಿದ್ದಲಿಂಗೇಶರು ಜುಲೈ 1ರ ಆದೇಶವನ್ನು ಎರಡು ಸಲ ಓದಿದರು. ಜ್ಯೇಷ್ಠತೆಯ ನಿಯಮ ಪತ್ರ ನೀಡಿಕೆಗೆ ಮಾತ್ರ ಅನ್ವಯಿಸುತ್ತಿತ್ತು. ರದ್ದತಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಹೊಸ ಯಂತ್ರದಲ್ಲಿ ಗುಂಡಿ ಒತ್ತಲಾಯಿತು. ಆರು ಸೆಕೆಂಡ್. ಸಾಹೇಬರು ಬಾಗಿಲಲ್ಲೇ ನಿಂತಿದ್ದರು, ಸಹಿಯೂ ಆಯಿತು. ದೇವವ್ವ ಪತ್ರ ಮುಟ್ಟಿದ್ದಕ್ಕೆ ಒಂದು ಸಹಿ, ರದ್ದಾದದ್ದು ಮುಟ್ಟಿದ್ದಕ್ಕೆ ಒಂದು ಸಹಿ ಹಾಕಿ, ಸೆರಗು ಸರಿಮಾಡಿಕೊಂಡು ಎದ್ದಳು. ಹೋಗುವ ಮುಂಚೆ ಮೇಜಿನ ಮೇಲಿದ್ದ ಎರಡೂ ಲ್ಯಾಪ್‌ಟಾಪುಗಳನ್ನು ಒಮ್ಮೆ ನೋಡಿದಳು.

"ಹೊಸದು ಜಲ್ದಿ ಐತಿ ನೋಡ್ರಿ," ಎಂದಳು.

ಹೌದು ಹೌದು ಎಂದು ಎಲ್ಲರೂ ಒಪ್ಪಿದರು. ಚಹಾ ಬಂತು.